ಬೆರಳಿಟ್ಟು ಓದಿದ ಆದೇಶ

ಹುಲಿಗೆಮ್ಮನಿಗೆ ಕಣ್ಣು ಕಾಣುವುದಿಲ್ಲ. ನಾಡಿದ್ದು ಎಂ.ಎ. ಪರೀಕ್ಷೆ. ಅವಳು ಹೇಳಿದ್ದನ್ನು ಬರೆಯಲು ಒಬ್ಬರು ಬೇಕು, ಅದಕ್ಕೆ ಕುಲಸಚಿವರ ಅನುಮತಿ ಬೇಕು.

“ಹನ್ನೆರಡು ಪುಟದ ನಿಯಮಾವಳಿ ಇದೆ. ಅವಳೇ ಓದಿ, ‘ಓದಿದ್ದೇನೆ’ ಅಂತ ಸಹಿ ಹಾಕಲಿ,” ಎಂದರು ಕುಲಸಚಿವರು.

“ಅಚ್ಚಾದದ್ದನ್ನ ಅವಳು ಹೇಗೆ ಓದ್ತಾಳೆ ಸರ್?” ಎಂದಳು ಪರೀಕ್ಷಾ ವಿಭಾಗದ ಗುಮಾಸ್ತೆ.

“ಎಲ್ಲರಿಗೂ ಒಂದೇ ನಿಯಮ ಕಣಮ್ಮ. ಸಮಾನತೆ ಅಂದ್ರೆ ಅದೇ.”

ಮರುದಿನ ಅವರದೇ ಅಧ್ಯಕ್ಷತೆಯಲ್ಲಿ ‘ಎಲ್ಲರನ್ನೂ ಒಳಗೊಳ್ಳುವ ವಿಶ್ವವಿದ್ಯಾಲಯ’ ಎಂಬ ವಿಚಾರ ಸಂಕಿರಣ. ಪತ್ರಕರ್ತರು ಬಂದಿದ್ದರು. ಗುಮಾಸ್ತೆ ವೇದಿಕೆ ಹತ್ತಿ, ಚುಕ್ಕಿಗಳೆದ್ದ ದಪ್ಪ ಹಾಳೆಯೊಂದನ್ನು ಅವರ ಮುಂದಿಟ್ಟಳು.

“ಬ್ರೈಲ್‌ನಲ್ಲಿದೆ ಸರ್. ಹುಲಿಗೆಮ್ಮನೇ ಸಿದ್ಧ ಮಾಡಿದ್ದು. ಓದಿ ಸಹಿ ಹಾಕಿ.”

ಕ್ಯಾಮೆರಾಗಳು ಎದ್ದವು. ಕುಲಸಚಿವರು ಕಣ್ಣು ಮುಚ್ಚಿ ಹಾಳೆಯ ಮೇಲೆ ಬೆರಳಾಡಿಸಿದರು, ಎರಡು ಸಲ ತಲೆದೂಗಿದರು. “ಮನ ಮುಟ್ಟುವಂತಿದೆ,” ಎಂದು, ‘ಓದಿ ಒಪ್ಪಿದ್ದೇನೆ’ ಎಂದು ಬರೆದು ಸಹಿ ಹಾಕಿದರು.

ಪರೀಕ್ಷೆಯ ದಿನ ಹುಲಿಗೆಮ್ಮನ ಪಕ್ಕದಲ್ಲಿ ಬರೆಯುವವಳು ಕೂತಿದ್ದಳು. ಕುಲಸಚಿವರು ಕೆಂಡವಾದರು.

“ಯಾರು ಕೊಟ್ಟರು ಅನುಮತಿ?”

“ನೀವೇ ಸರ್. ನಿನ್ನೆ ವೇದಿಕೆ ಮೇಲೆ ಓದಿದ್ರಲ್ಲ, ಅದೇ ಈ ಆದೇಶ,” ಎಂದಳು ಗುಮಾಸ್ತೆ.

“ನನಗೆಲ್ಲಿ ಬರುತ್ತೆ ಬ್ರೈಲ್!”

“ಹಾಗಂತ ಒಂದು ಪತ್ರ ಬರೆದುಕೊಡಿ ಸರ್. ನಿಮ್ಮ ಫೋಟೋ ಹಾಕಿದ ಪತ್ರಿಕೆಗೆ ಕಳಿಸ್ತೀನಿ.”

ಪತ್ರ ಬರಲಿಲ್ಲ. ಹುಲಿಗೆಮ್ಮ ಪರೀಕ್ಷೆ ಮುಗಿಸಿದಳು. ಆ ಫೋಟೋ ಈಗಲೂ ಕುಲಸಚಿವರ ಕೊಠಡಿಯಲ್ಲಿ ಚೌಕಟ್ಟಿನೊಳಗಿದೆ. ಅದರಲ್ಲಿ ಹಾಳೆ ತಲೆಕೆಳಗಾಗಿದೆ. ಅದನ್ನು ಕಂಡುಹಿಡಿಯಬಲ್ಲವರು ಯಾರೂ ಆ ಕಚೇರಿಗೆ ಇನ್ನೂ ನೇಮಕವಾಗಿಲ್ಲ.