ಕೆಂಪು ಬಂದಾಗ ಅವ್ವನನ್ನೂ ನಿಲ್ಲಿಸಿದ ಬೆಟ್ಟ

ದೋಸೆ ಹಿಟ್ಟು ಮಾರುವ ಚೌಡವ್ವನಿಗೆ ಒಬ್ಬನೇ ಮಗ, ಬೆಟ್ಟ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ತೊಂದರೆ. ‘ನಾನೊಂದು ದಿನ ಮಲಗಿಬಿಟ್ಟರೆ ಇವನನ್ನ ಯಾರು ನೋಡ್ತಾರೆ?’ ಅಂತ ಚೌಡವ್ವ ಜ್ವರ ಬಂದರೂ ಮಲಗಿದವಳಲ್ಲ.

ಒಂದು ದಿನ ಕರೆಂಟಿನವರು ಬಂದು ಅವಳ ರುಬ್ಬುವ ಮಷೀನಿಗೆ ಒಂದು ಡಬ್ಬಿ ಕೂರಿಸಿದರು. ಊರೆಲ್ಲ ಒಟ್ಟಿಗೆ ಕರೆಂಟು ಎಳೆದರೆ ಡಬ್ಬಿಯ ದೀಪ ಕೆಂಪು, ಮಷೀನು ತಾನೇ ನಿಲ್ಲುತ್ತದೆ. ಎಳೆತ ಇಳಿದರೆ ದೀಪ ಹಸಿರು, ಮಷೀನು ಗುರ್! ಡಬ್ಬಿಗಿರೋ ಬುದ್ಧಿ ನನ್ನ ಮಗನಿಗಿಲ್ಲವಲ್ಲ ಅಂದುಕೊಂಡಳು ಚೌಡವ್ವ.

“ಕೆಂಪು ಬಂದರೆ ಮನೇಲಿ ತಿರುಗೋದನ್ನೆಲ್ಲ ನಿಲ್ಲಿಸು ಮಗ.”

“ಹೂಂ ಅವ್ವ.”

ಕೆಂಪು ಬಂತು. ಬೆಟ್ಟ ಫ್ಯಾನು ನಿಲ್ಲಿಸಿದ. ಗೋಡೆ ಗಡಿಯಾರದ ಮುಳ್ಳೂ ತಿರುಗುತ್ತಿತ್ತು, ಅದರ ಸೆಲ್ಲು ಕಿತ್ತ.

“ಅಯ್ಯೋ ಮಂಕೆ! ಗಡಿಯಾರ ಊರಿನ ಕರೆಂಟು ತಿನ್ನುತ್ತೇನೋ? ಕರೆಂಟು ತಿನ್ನೋದು ಬಿಸಿಯಾಗುತ್ತೆ. ಮುಟ್ಟಿ ನೋಡು, ಬಿಸಿ ಇದ್ದರೆ ನಿಲ್ಲಿಸು!”

“ಹೂಂ ಅವ್ವ.”

ಮತ್ತೆ ಕೆಂಪು ಬಂತು. ಸೌದೆ ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಮುಟ್ಟಿದ. “ಅಬ್ಬಬ್ಬಾ, ಬಿಸಿ!” ಒಂದು ಕೊಡ ನೀರು ತಂದು ಒಲೆಗೆ ಸುರಿದ.

“ನನ್ನ ಕರ್ಮವೇ! ಬಿಸಿ ಇದ್ದರೆ ಸಾಲದು ಕಣೋ, ಗುರ್ ಗುರ್ ಅಂತಲೂ ಇರಬೇಕು. ಎರಡೂ ಇದ್ದರೆ ನಿಲ್ಲಿಸು. ಹಸಿರು ಬಂದಾಗ ನೀನು ನಿಲ್ಲಿಸಿದ್ದನ್ನ ಗುಂಡಿ ಒತ್ತಿ ಶುರು ಮಾಡು. ಅಷ್ಟೇ!”

“ಹೂಂ ಅವ್ವ.”

ಮಾರನೇ ಬೆಳಿಗ್ಗೆ ಚೌಡವ್ವನಿಗೆ ಮೈ ಸುಡುವ ಜ್ವರ. ಆದರೂ ಅಕ್ಕಿ ಹಾಕಿ ಮಷೀನಿನ ಮುಂದೆ ಕೂತಳು. ದೀಪ ಕೆಂಪಾಯಿತು, ಮಷೀನು ನಿಂತಿತು. ಬೆಟ್ಟ ಮನೆಯನ್ನೆಲ್ಲ ಮುಟ್ಟುತ್ತಾ ಬಂದು ಅವ್ವನನ್ನೂ ಮುಟ್ಟಿದ. ಬಿಸಿ! ಬೆನ್ನಿಗೆ ಕಿವಿ ಕೊಟ್ಟ. ಕಫ ಗುರ್ ಗುರ್!

“ಎರಡೂ ಇದೆ ಅವ್ವ!” ಅಂದವನೇ ಅವಳನ್ನು ಎತ್ತಿಕೊಂಡು ಹೋಗಿ ಚಾಪೆಯ ಮೇಲೆ ಮಲಗಿಸಿ ಕಂಬಳಿ ಹೊದಿಸಿದ.

“ಬಿಡೋ, ಕೆಲಸ ಇದೆ!”

“ಕೆಂಪು ಅವ್ವ, ಕೆಂಪು!”

ಹಿಟ್ಟಿಗೆ ಬಂದವರಿಗೂ ಬಾಗಿಲಲ್ಲೇ ಹೇಳಿದ: “ಅವ್ವನ್ನ ನಿಲ್ಲಿಸಿದೀನಿ, ಹಸಿರು ಬಂದ ಮೇಲೆ ಬನ್ನಿ!” ಬೈದೂ ಬೈದೂ ಚೌಡವ್ವ ನಿದ್ದೆ ಹೋದಳು.

ಮಧ್ಯಾಹ್ನ ದೀಪ ಹಸಿರಾಯಿತು. ಮಷೀನು ಗುರ್ ಅಂತು. ಅವ್ವ ಅನ್ನಲಿಲ್ಲ. ಮುಟ್ಟಿದ, ಮೈ ತಣ್ಣಗಿತ್ತು. ಬೆಟ್ಟನಿಗೆ ಅಳು ಬಂತು. ಗುಂಡಿ ಎಲ್ಲಿ? ಹಣೆಯ ಮೇಲೆ ದುಂಡಗೆ ಕುಂಕುಮ! ಒತ್ತಿದ. ಮತ್ತೆ ಒತ್ತಿದ. “ಶುರುವಾಗವ್ವಾ!”

ಚೌಡವ್ವ ಕಣ್ಣು ಬಿಟ್ಟಳು. ಬೈಯಲು ಬಾಯಿ ತೆರೆದವಳು ಮಗನ ಮುಖ ನೋಡಿದಳು. ಆಮೇಲೆ ಮೆಲ್ಲಗೆ, “ಗುರ್ರ್...” ಅಂದಳು.

ಬೆಟ್ಟ ಕುಣಿದುಬಿಟ್ಟ. ಅಷ್ಟರಲ್ಲಿ ಡಬ್ಬಿಯತ್ತ ಕಣ್ಣು ಹೋಯಿತು. “ಅಯ್ಯೋ, ಮತ್ತೆ ಕೆಂಪು ಕಣವ್ವ!” ಏಳುತ್ತಿದ್ದವಳನ್ನು ತಿರುಗಿ ಮಲಗಿಸಿದ. ಈ ಸಲ ಅವಳು ಬೈಯಲಿಲ್ಲ, ಕಂಬಳಿ ಎಳೆದುಕೊಂಡಳು.

ಬೆಟ್ಟ ಹೋಗಿ ಮಷೀನನ್ನು ಮುಟ್ಟಿ ನೋಡಿದ. ಅದೂ ಬಿಸಿ. ಪಾಪ ಅಂತ ಅದಕ್ಕೂ ಒಂದು ಕಂಬಳಿ ಹೊದಿಸಿದ.