ಮರಳಣಬೆ ಹುಡುಕಿದ ಮದುಮಗ

"ಗುರುಗಳೇ, ಸತ್ಯವನ್ನು ಹುಡುಕಿ ಹುಡುಕಿ ಸಾಕಾಯಿತು. ಇನ್ನೆಷ್ಟು ದೂರ ನಡೆದರೆ ಸಿಗುತ್ತದೆ?" ಎಂದು ಶಿಷ್ಯ ಕೇಳಿದ. ಕೇಳುವಾಗಲೂ ಹಣೆಯ ವಿಭೂತಿ ಅಳಿಸದ ಹಾಗೆ ಹುಷಾರಾಗಿ ಬೆವರು ಒರೆಸಿಕೊಳ್ಳುತ್ತಿದ್ದ.

ಗುರುಗಳು ನಕ್ಕು ಕತೆ ಹೇಳಿದರು.

ಮರಳುಗಾಡಿನಲ್ಲಿ ಒಬ್ಬ ಒಂಟೆ ಕಾಯುವವನಿದ್ದ. ಅವನಿಗೆ ಮೇಕೆ ಕಾಯುವ ಒಬ್ಬ ಹುಡುಗಿಯ ಜೊತೆ ಮದುವೆ ಗೊತ್ತಾಗಿತ್ತು. ಆ ಸೀಮೆಯಲ್ಲಿ ಗುಡುಗು ಮಳೆಯಾದ ಮೇಲೆ ನೆಲದೊಳಗೆ ಆಲೂಗಡ್ಡೆಯಂಥ ಅಣಬೆ ಹುಟ್ಟುತ್ತದೆ. ಮೇಲೆ ಎಲೆಯಿಲ್ಲ, ಕಾಂಡವಿಲ್ಲ. ಮರಳು ತುಸು ಉಬ್ಬಿ ಬಿರುಕು ಬಿಟ್ಟಿರುತ್ತದೆ, ಅಷ್ಟೇ. ಮದುಮಗ ತಾನೇ ಹುಡುಕಿ ಒಂದು ಚೀಲ ಮರಳಣಬೆ ತಂದರೆ ಮದುವೆಯೂಟ. ತರದಿದ್ದರೆ ಮದುವೆ ಮುಂದಿನ ವರ್ಷದ ಗುಡುಗಿಗೆ. ಅದು ಅಲ್ಲಿಯ ಪದ್ಧತಿ.

ಇವನಿಗೋ ಆ ಹುಡುಗಿಯೆಂದರೆ ಪ್ರಾಣ. ಇನ್ನೊಂದು ವರ್ಷ ಕಾಯುವುದುಂಟೇ? ಮದುವೆಯ ಹಿಂದಿನ ದಿನ ಹೊಸ ಮುಂಡಾಸು ಸುತ್ತಿಕೊಂಡು ಹೊರಟ. ಆದರೆ ಮದುಮಗನ ಮುಖ ಬಿಸಿಲಿಗೆ ಕಪ್ಪಾಗಬಾರದಲ್ಲ. ಬೆಳಿಗ್ಗೆ ಪಡುವಣಕ್ಕೆ ನಡೆದ, ಮಧ್ಯಾಹ್ನದ ಮೇಲೆ ಮೂಡಣಕ್ಕೆ ತಿರುಗಿದ. ಸೂರ್ಯ ಯಾವಾಗಲೂ ಬೆನ್ನಿಗೇ. ಎಂಥ ಜಾಣ ನೋಡು! ಕಾಲು ಸೋತವು, ಚೀಲ ಮಾತ್ರ ಬರಿದು. ಹೊತ್ತು ಇಳಿಯುತ್ತ ಬಂದಾಗ ಅವನಿಗೆ ಅಳುವೇ ಬಂತು.

ಎದುರಿನಿಂದ ಮೇಕೆ ಹೊಡೆದುಕೊಂಡು ಅದೇ ಹುಡುಗಿ ಬಂದಳು. ಬಿಸಿಲು ಅವಳ ಮುಖಕ್ಕೇ ಹೊಡೆಯುತ್ತಿತ್ತು. ಮಡಿಲ ತುಂಬ ಮರಳಣಬೆ.

"ಬೆಳಿಗ್ಗೆಯಿಂದ ಸುತ್ತಿದರೂ ನನಗೆ ಒಂದೂ ಇಲ್ಲ. ನಿನಗೆಲ್ಲಿ ಸಿಕ್ಕಿತು?" ಎಂದ.

"ಇದೇ ನೆಲದಲ್ಲಿ. ನೀವು ನಿಮ್ಮ ಮುಂಡಾಸಿನ ನೆರಳು ನೋಡಿಕೊಂಡು ನಡೆದರೆ ಬೇರೇನು ಕಂಡೀತು? ಒಮ್ಮೆ ಹಿಂದಕ್ಕೆ ತಿರುಗಿ," ಎಂದು ಅವಳು ನಕ್ಕಳು.

ತಿರುಗಿದ. ಬಿಸಿಲು ಕಣ್ಣಿಗೇ ಬಡಿಯಿತು. ಕಣ್ಣು ಕಿರಿದು ಮಾಡಿ ನೋಡಿದರೆ, ತಾನು ತುಳಿದು ಬಂದ ದಾರಿಯ ಉದ್ದಕ್ಕೂ ಪುಟ್ಟ ಪುಟ್ಟ ಉಬ್ಬುಗಳು, ಒಂದೊಂದಕ್ಕೂ ಒಂದೊಂದು ನೆರಳು. ಹೊತ್ತು ಮುಳುಗುವವರೆಗೂ ಬಿಸಿಲಿಗೆ ಮುಖವೊಡ್ಡಿ, ಮೊಣಕಾಲೂರಿ ಬಗೆದ. ಚೀಲ ಸಾಲದೆ ಮುಂಡಾಸು ಬಿಚ್ಚಿ ಅದರಲ್ಲೂ ಕಟ್ಟಿಕೊಂಡ.

ಮರುದಿನ ಊಟದ ಪಂಕ್ತಿಯಲ್ಲಿ ಅತ್ತೆ ಅಳಿಯನ ಮುಖ ನೋಡಿ, ಹಂಡೆಯ ತಳ ಇದಕ್ಕಿಂತ ವಾಸಿ ಎಂದಳು. ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ.

ಕತೆ ಮುಗಿಯಿತು. ಬೆವರು ಒರೆಸಲು ಎತ್ತಿದ ಶಿಷ್ಯನ ಕೈ ಹಣೆಯ ಹತ್ತಿರವೇ ನಿಂತಿತ್ತು. ಗುರುಗಳು ಅಂದರು:

"ದೂರವೇನೂ ಇಲ್ಲ ಮಗು, ಮುಖ ಸ್ವಲ್ಪ ಕಪ್ಪಾಗುತ್ತದೆ."