ಕೂಡುಗಾಡಿಯ ಮುದ್ರೆ

ತೊರೆನಾಡಿನ ಮಾರ್ಗಾಧಿಕಾರಿ ಗುಂಡರಸನಿಗೆ ಉಂಡದ್ದು ಅರಗಬೇಕಾದರೆ ದಿನಕ್ಕೊಂದು ಹೊಸ ಕಟ್ಟಳೆ ಬೇಕು. ಅವತ್ತು ಸಭೆಗೆ ಮೀಸೆ ತೀಡುತ್ತಲೇ ಬಂದ.

“ಪ್ರಭು, ಐವತ್ತಾರು ದೇಶದಲ್ಲಿ ಯಾರೂ ಮಾಡದ್ದನ್ನು ಮಾಡಿದ್ದೇನೆ. ಗುರುತಿಲ್ಲದ ನಾಲ್ಕು ಜನ ಬಾಡಿಗೆ ಹಂಚಿಕೊಂಡು ಹೋಗುವ ಕೂಡುಗಾಡಿಗಳಿವೆಯಲ್ಲ, ಅವನ್ನು ಇನ್ನು ಕಂಡಕಂಡವರು ಹೊಡೆಯುವಂತಿಲ್ಲ. ನನ್ನ ಯೋಗ್ಯತಾಮುದ್ರೆ ಬೇಕು. ಹೋದ ವಾರದಿಂದಲೇ ಜಾರಿ.”

“ಯೋಗ್ಯತೆ ಅಂದರೆ?” ಎಂದ ರಾಜ ಗಜಪಾಲ.

“ಚಾಲಕನಿಗೆ ಮೂವತ್ತೆರಡು ಹಲ್ಲೂ ಇರಬೇಕು. ತಿರುವಿನಲ್ಲಿ ‘ಹೋಯ್’ ಅಂದಾಗ ಗಾಳಿ ಸೋರಬಾರದು. ಚಾಲಕನಿಗೆ ಮಾಲೀಕ, ಮಾಲೀಕನಿಗೆ ಚಾಲಕ ಜಾಮೀನು ನಿಲ್ಲಬೇಕು. ನಡತೆ ಒಳ್ಳೆಯದೆಂದು ಅತ್ತೆ ಬಂದು ಹೇಳಬೇಕು.”

“ಅತ್ತೆ ಯಾಕೆ?”

“ತಾಯಿ ಸುಳ್ಳು ಹೇಳುತ್ತಾಳೆ, ಪ್ರಭು.”

ರಾಜನಿಗೆ ಇದು ಸರಿಯೆನಿಸಿತು. ಸಿಂಹಾಸನದ ಹಿಂದೆ ಚಾಮರ ಬೀಸುತ್ತಿದ್ದ ಪದುಮಾಯಿ ನಗು ನುಂಗಿಕೊಂಡಳು. ಬೀಸುವ ಕೈಗಿಂತ ನಾಲಗೆ ಚುರುಕೆಂದು ಊರಲ್ಲೆಲ್ಲ ಅವಳ ಹೆಸರು.

ಅಷ್ಟರಲ್ಲಿ ಬಾಗಿಲ ಬಳಿ ಗಲಾಟೆ. ಕೂಡುಗಾಡಿ ಹೊಡೆಯುವ ಗೂಳಪ್ಪ ಬಂದು ನಿಂತ. ಕೈಯಲ್ಲಿ ಬರೀ ಹಗ್ಗ, ಹಗ್ಗದ ತುದಿಯಲ್ಲಿ ಎತ್ತಿಲ್ಲ.

“ನನ್ನ ಜೋಡಿ ಎತ್ತು ದೊಡ್ಡಿಗೆ ಹೋದವು, ಸ್ವಾಮಿ. ಅವು ಹೋದರೆ ನನ್ನ ಒಲೆ ಹೊತ್ತೋದಿಲ್ಲ.”

“ಮುದ್ರೆ ತಗೋಬೇಕಿತ್ತಪ್ಪಾ,” ಎಂದ ರಾಜ.

“ತಗೊಳ್ಳೋಕೇ ಹೋಗಿದ್ದು, ಬುದ್ಧಿ. ಹಲ್ಲು ಎಣಿಸ್ತೀವಿ ಅಂದರು, ಬಾಯಿ ತೆರೆದೆ. ಅತ್ತೇನ ಕರೆಸಿ ಅಂದರು, ಕರೆಸಿದೆ. ಒಳ್ಳೆ ಮಾತಾಡಲಿ ಅಂತ ಹೋಳಿಗೆ ಹಾಕಿದೆ. ಮಾತು ಆಡಿದ್ದಾಯ್ತು, ಅತ್ತೆ ಮಾತ್ರ ಇನ್ನೂ ಹೊರಟಿಲ್ಲ. ನನ್ನ ಗಾಡಿಗೆ ನಾನೇ ಮಾಲೀಕ, ನಾನೇ ಚಾಲಕ. ಈ ಕಡೆ ನಿಂತು ಆ ಕಡೆಯವನನ್ನು ಹೊಗಳಿದೆ, ಆ ಕಡೆ ನಿಂತು ಈ ಕಡೆಯವನನ್ನು ಹೊಗಳಿದೆ. ಎರಡು ಸಲವೂ ನಾಚಿಕೆ ಆಯ್ತು. ಕಡೆಗೆ ಈ ಮಾರ್ಗಾಧಿಕಾರಿಗಳೂ ಇವರ ಗುಮಾಸ್ತನೂ ‘ಪರೀಕ್ಷೆ ನೋಡ್ತೀವಿ’ ಅಂತ ಗಾಡಿ ಹತ್ತಿದರು. ಹೊಳೆದಂಡೆವರೆಗೆ ಹೋಗಿ ಬಂದ್ವಿ. ಇಳಿದವರೇ ಎತ್ತು ಬಿಚ್ಚಿಸಿದರು.”

ರಾಜ ಗುಂಡರಸನತ್ತ ತಿರುಗಿದ. “ಯಾಕಯ್ಯಾ?”

“ಮುದ್ರೆಯಿಲ್ಲದೆ ಇಬ್ಬರನ್ನು ಹೊತ್ತ, ಪ್ರಭು.”

“ಯಾರನ್ನು?”

“ನಮ್ಮನ್ನೇ. ಕಣ್ಣಾರೆ ಕಂಡಿದ್ದೇನೆ.”

ಚಾಮರ ನಿಂತಿತು.

ಪದುಮಾಯಿ ಗೂಳಪ್ಪನ ಗಾಡಿಯಲ್ಲಿ ಎಷ್ಟೋ ಸಲ ತವರಿಗೆ ಹೋಗಿ ಬಂದವಳು. ಅವನ ಮೇಲೆ ಕನಿಕರವಾಯಿತು. ಆದರೆ ರಾಜನ ಸ್ವಭಾವವೂ ಅವಳಿಗೆ ಗೊತ್ತಿತ್ತು. ತಾನು ಒಪ್ಪಿದ ಕಟ್ಟಳೆಯನ್ನು ತಪ್ಪೆಂದರೆ ಗಜಪಾಲ ಹಟ ಹಿಡಿಯುತ್ತಾನೆ. ಇಂಥ ಕಟ್ಟಳೆಯನ್ನು ಬೈಯಬಾರದು, ಕೈಹಿಡಿದು ರಾಜನ ಮನೆಯೊಳಕ್ಕೇ ಕರೆದುಕೊಂಡು ಹೋಗಬೇಕು.

“ಏನದು ಪದುಮಾಯಿ? ಸೆಕೆಯಾಗುತ್ತಿದೆ, ಬೇಗ ಹೇಳು,” ಎಂದ ರಾಜ.

“ಏನಿಲ್ಲ ಪ್ರಭು, ಮಾರ್ಗಾಧಿಕಾರಿಗಳು ಬಡವರ ಗಾಡಿಯನ್ನಷ್ಟೇ ಹಿಡಿಯುತ್ತಾರಂತೆ. ಅರಮನೆಯ ಕಡೆ ತಲೆ ಹಾಕಿಯೂ ಮಲಗುವುದಿಲ್ಲವಂತೆ. ಊರಿನವರ ಮಾತು.”

ಗುಂಡರಸನ ಮೀಸೆ ಸೆಟೆಯಿತು. “ಯಾವ ಊರಿನವರು? ಇಬ್ಬರನ್ನು ಒಟ್ಟಿಗೆ ಹೊತ್ತು ಸಾಗಿಸುವುದು ಯಾರೇ ಇರಲಿ, ಏನೇ ಇರಲಿ, ಮುದ್ರೆ ಬೇಕೇ ಬೇಕು. ಅಂತಃಪುರದ ಹೊಸ್ತಿಲಲ್ಲಿ ಸಿಕ್ಕರೂ ಎಳೆದು ದೊಡ್ಡಿಗೆ ಕಟ್ಟುತ್ತೇನೆ.”

“ಹಾಗೆಂದು ಪ್ರಭುಗಳ ಮುಂದೆ ಆಣೆ?”

“ಆಣೆ.”

“ಹಾಗಾದರೆ ಗೂಳಪ್ಪನ ಹಗ್ಗ ತಗೊಂಡು ಬನ್ನಿ. ಅರಮನೆಯೊಳಗೇ ಏಳು ತಿಂಗಳಿಂದ ಇಬ್ಬರನ್ನು ಹೊತ್ತು ತಿರುಗಾಡುತ್ತಿದೆ ಒಂದು ಗಾಡಿ. ಮುದ್ರೆಯಿಲ್ಲ, ಜಾಮೀನಿಲ್ಲ.”

ಗುಂಡರಸ ಹಗ್ಗ ಕಿತ್ತುಕೊಂಡು ಹೊರಟೇಬಿಟ್ಟ. ತನ್ನ ಅರಮನೆಯಲ್ಲಿ ಕಳ್ಳಗಾಡಿಯೇ ಎಂದು ರಾಜನೂ ಹಿಂದೆಯೇ ನಡೆದ. ಪದುಮಾಯಿ ಚಾಮರ ಹಿಡಿದೇ ಮುಂದೆ ಮುಂದೆ ದಾರಿ ತೋರಿಸುತ್ತಾ ಅಂಗಳ ದಾಟಿ, ತೊಟ್ಟಿ ದಾಟಿ, ರಾಣಿಯ ಕೋಣೆಯ ಬಾಗಿಲಲ್ಲಿ ನಿಂತಳು.

ರಾಣಿ ಚಂಪಲಾದೇವಿ ದಿಂಬಿಗೊರಗಿ ಮಾವಿನಕಾಯಿಗೆ ಉಪ್ಪು ಹಚ್ಚಿಕೊಂಡು ತಿನ್ನುತ್ತಿದ್ದಳು. ಹೊಟ್ಟೆ ಅವಳಿಗಿಂತ ಒಂದು ಗೇಣು ಮುಂದಿತ್ತು.

“ಇಗೋ,” ಎಂದಳು ಪದುಮಾಯಿ. “ಅವಳಿಜವಳಿಯೆಂದು ಸೂಲಗಿತ್ತಿ ನಿನ್ನೆ ತಾನೆ ಹೇಳಿದ್ದಾಳೆ. ಇಬ್ಬರು ಸವಾರರು, ಒಬ್ಬರ ಮುಖ ಒಬ್ಬರು ಕಂಡಿಲ್ಲ, ಜಾಗ ಹಂಚಿಕೊಂಡು ಕೂತಿದ್ದಾರೆ. ಇದು ಕೂಡುಗಾಡಿಯಲ್ಲದೆ ಮತ್ತೇನು? ಕಟ್ಟಿ ಗುಂಡರಸರೇ.”

ಗುಂಡರಸ ಹಗ್ಗವನ್ನು ಬೆನ್ನ ಹಿಂದೆ ಅಡಗಿಸಿದ. ರಾಜ ಹುಬ್ಬು ಗಂಟಿಕ್ಕಿದ. ರಾಣಿ ಮಾತ್ರ ಮಾವಿನಕಾಯಿ ಕೆಳಗಿಡಲಿಲ್ಲ.

“ಯಾಕೆ, ಏನು ಕೊರತೆ ನನ್ನಲ್ಲಿ?”

“ಮುದ್ರೆ ಇಲ್ಲವಂತೆ ತಾಯಿ,” ಎಂದಳು ಪದುಮಾಯಿ. “ಮೊದಲು ಹಲ್ಲು ಎಣಿಸುತ್ತಾರೆ. ಆಮೇಲೆ ನಡತೆಗೆ ನಿಮ್ಮ ಅತ್ತೆ ಬಂದು ಸಾಕ್ಷಿ ಹೇಳಬೇಕು. ರಾಜಮಾತೆಯವರನ್ನು ಕರೆಸಲೇ?”

“ಬೇಡ,” ಎಂದ ರಾಜ. ಅತ್ತೆಯನ್ನು ಸೊಸೆಯ ಬಗ್ಗೆ ಮಾತಾಡಿಸಿದರೆ ಸಂಜೆಯೊಳಗೆ ಮುಗಿಯುವ ಮಾತಲ್ಲವೆಂದು ಅವನು ಅನುಭವದಿಂದ ಬಲ್ಲ.

“ಸರಿ, ಅದನ್ನು ಬಿಡೋಣ,” ಎಂದಳು ಪದುಮಾಯಿ. “ಉಳಿದದ್ದೊಂದೇ. ಪರೀಕ್ಷಾಧಿಕಾರಿಗಳು ಖುದ್ದಾಗಿ ಒಳಗೆ ಕೂತು ಪ್ರಯಾಣ ಮಾಡಿ ನೋಡಬೇಕು.”

ಗುಂಡರಸ ರಾಣಿಯ ಹೊಟ್ಟೆ ನೋಡಿದ, ರಾಜನ ಕತ್ತಿ ನೋಡಿದ, ಕೊನೆಗೆ ನೆಲ ನೋಡಿದ.

“ಪ್ರಭು... ಒಳಗೆ ಜಾಗವಿಲ್ಲ.”

ರಾಜನ ಹುಬ್ಬು ಮೆಲ್ಲಗೆ ಸಡಿಲವಾಯಿತು. ಆಮೇಲೆ ಭುಜ ಕುಣಿಯಿತು. ಆಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕ.

“ಹೋಗಯ್ಯಾ, ಮೊದಲು ಗೂಳಪ್ಪನ ಎತ್ತು ನೀನೇ ಕೈಯಾರೆ ಬಿಚ್ಚು. ಇನ್ನು ಮೇಲೆ ಚಾಲಕ ಕುಡಿದಿದ್ದಾನೋ, ಕೀಲು ಸಡಿಲವಾಗಿದೆಯೋ, ಅದನ್ನಷ್ಟೇ ನೋಡು. ಹಲ್ಲಿನ ತಂಟೆಗೂ ಅತ್ತೆಯರ ತಂಟೆಗೂ ಹೋಗಬೇಡ.”

ಗುಂಡರಸ ಬದುಕಿದೆನೆಂದು ತಿರುಗಿದ. ರಾಣಿ ಕರೆದಳು.

“ಒಂದು ನಿಮಿಷ ಗುಂಡರಸರೇ. ನೀವೂ ಇಂಥದೇ ಗಾಡಿಯಲ್ಲಿ ಬಂದಿಳಿದವರಲ್ಲವೇ? ಆ ಗಾಡಿಗೆ ಮುದ್ರೆ ಇತ್ತೇ?”

“ಇಲ್ಲ, ಮಹಾರಾಣಿ.”

ಪದುಮಾಯಿ ಮತ್ತೆ ಚಾಮರ ಬೀಸತೊಡಗಿದಳು. “ಗಾಡಿಯದೇನೂ ತಪ್ಪಿಲ್ಲ ತಾಯಿ,” ಎಂದಳು. “ಆದರೆ ಸವಾರರನ್ನೂ ಒಂದು ಸಲ ಪರೀಕ್ಷೆ ಮಾಡಿ ಹತ್ತಿಸಿಕೊಳ್ಳಬೇಕಿತ್ತು.”